ರೊಟ್ಟಿ ಗುಂಪಿನ ಫೋನು: ಮನೆ ದರದ ಎರಡು ವರ್ಷ, ವ್ಯವಹಾರ ದರದ ನಾಲ್ಕು ವರ್ಷ

ಧಾರವಾಡದ ಮಾಳಮಡ್ಡಿಯಲ್ಲಿ ನಾವು ಎಂಟು ಜನ ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇವೆ. ಗುಂಪಿನ ಲೆಕ್ಕ ಬರೆಯುವವಳು ನಾನು. 2019ರಿಂದ ಎರಡು ವರ್ಷ ಮನೆ ದರದ ಸ್ಥಿರ ದೂರವಾಣಿಯನ್ನೂ, 2021ರಿಂದ ವ್ಯವಹಾರ ದರದ್ದನ್ನೂ ಬಳಸಿದ್ದೇವೆ. ನನ್ನ ಸ್ವಂತ ಮನೆಯಲ್ಲಿ ಅದೇ ಕಂಪನಿಯ ಮನೆ ದರದ ಸಂಪರ್ಕ ಇಂದಿಗೂ ಇರುವುದರಿಂದ ಎರಡೂ ಬಿಲ್ಲುಗಳು ಪ್ರತಿ ತಿಂಗಳು ನನ್ನ ಕೈಗೇ ಬರುತ್ತವೆ.

ಮೊಬೈಲ್ ಸಾಲದೇ ಎಂದು ಹಲವರು ಕೇಳುತ್ತಾರೆ. ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ಗ್ರಾಹಕರು ದೂರು ಹೇಳಲು ಒಂದು ದೂರವಾಣಿ ಸಂಖ್ಯೆಯನ್ನು ಮುದ್ರಿಸಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಅಲ್ಲಿ ಒಬ್ಬ ಸದಸ್ಯೆಯ ಮೊಬೈಲ್ ಸಂಖ್ಯೆ ಹಾಕಿದರೆ, ಆಕೆ ತವರಿಗೆ ಹೋದ ದಿನ ಗುಂಪಿನ ಆರ್ಡರುಗಳನ್ನು ಕೇಳುವವರೇ ಇರುವುದಿಲ್ಲ. 0836ರಿಂದ ಶುರುವಾಗುವ ಸಂಖ್ಯೆಯನ್ನು ಕಂಡರೆ ಹುಬ್ಬಳ್ಳಿಯವರಿಗೂ ಧಾರವಾಡದವರಿಗೂ ಇದು ನಮ್ಮೂರಿನ ಅಂಗಡಿಯೇ ಎಂಬ ಭರವಸೆ ಬರುವುದನ್ನೂ ನಾನು ಕಂಡಿದ್ದೇನೆ.

ಈಗ ಹಣದ ಮಾತು. ನನ್ನ ಮನೆಯ ಸಂಪರ್ಕಕ್ಕೆ ತಿಂಗಳಿಗೆ 400 ರೂಪಾಯಿ ಬಾಡಿಗೆಯಿದ್ದು, ಶೇ. 18ರ ಜಿಎಸ್‌ಟಿ ಸೇರಿ 472 ರೂಪಾಯಿ ಆಗುತ್ತದೆ. ಗುಂಪಿನ ಸಂಪರ್ಕಕ್ಕೆ ಬಾಡಿಗೆ 800, ತೆರಿಗೆ ಸೇರಿ 944. ಎರಡರಲ್ಲೂ ದೇಶದೊಳಗಿನ ಕರೆಗಳಿಗೆ ಮಿತಿಯಿಲ್ಲ. ಆದ್ದರಿಂದ ಎಷ್ಟು ಮಾತಾಡಿದೆವು ಎಂಬುದಕ್ಕೂ ಬಿಲ್ಲಿಗೂ ಸಂಬಂಧವಿಲ್ಲ. ವರ್ಷಕ್ಕೆ 5,664 ರೂಪಾಯಿ ಹೆಚ್ಚು ಕೊಡುತ್ತಿದ್ದೇವೆ, ಅಂದರೆ ತಲೆಗೆ ತಿಂಗಳಿಗೆ 59 ರೂಪಾಯಿ. ಜಿಎಸ್‌ಟಿ ನೋಂದಣಿ ಇರುವ ಗುಂಪಾದರೆ, ಅದರ ನೋಂದಣಿ ಸಂಖ್ಯೆ ಬಿಲ್ಲಿನಲ್ಲಿದ್ದಾಗ, ಆ 144 ರೂಪಾಯಿ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿರುವವರಿಗೆ ಆ ಅವಕಾಶವಿಲ್ಲ. ನಮ್ಮ ವಹಿವಾಟು ನೋಂದಣಿಯ ಮಿತಿಯೊಳಗೇ ಇರುವುದರಿಂದ ನಾವು ನೋಂದಾಯಿಸಿಲ್ಲ, ಹಾಗಾಗಿ ನಮಗೆ ಅದು ಪೂರ್ತಿ ಖರ್ಚೇ.

ಇಷ್ಟು ಹೆಚ್ಚು ಕೊಟ್ಟು ನಾವು ಪಡೆದದ್ದು ಮುಖ್ಯವಾಗಿ ಬಿಲ್ಲಿನ ಮೇಲೆ ಗುಂಪಿನ ಹೆಸರನ್ನು. ಇದರ ಬೆಲೆ ನಮಗೆ ತಿಳಿದದ್ದು ನಷ್ಟವಾದ ಮೇಲೆಯೇ. ಮೊದಲಿನ ಫೋನು ಹಿರಿಯ ಸದಸ್ಯೆಯೊಬ್ಬರ ಮನೆಯಲ್ಲಿತ್ತು, ಸಂಪರ್ಕ ತೀರಿಕೊಂಡ ಅವರ ಮಾವನವರ ಹೆಸರಿನಲ್ಲಿತ್ತು. 2021ರಲ್ಲಿ ಅವರ ಸಂಸಾರ ಬೆಳಗಾವಿಗೆ ಹೋದಾಗ ಸಂಖ್ಯೆಯನ್ನು ಗುಂಪಿನ ಹೆಸರಿಗೆ ಮಾಡಿಸಿಕೊಳ್ಳಲು ಬೇಕಾದ ವಾರಸುದಾರರ ಒಪ್ಪಿಗೆ ಪತ್ರಗಳು ಸಕಾಲಕ್ಕೆ ಕೂಡಿಬರಲಿಲ್ಲ. ಮೊಬೈಲ್ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಲು 2011ರಿಂದ ದೇಶದಾದ್ಯಂತ ಅವಕಾಶವಿದೆ, ಸ್ಥಿರ ದೂರವಾಣಿಗೆ ಅದಿಲ್ಲ. ಸಂಖ್ಯೆ ಹೋಯಿತು, ಅಚ್ಚು ಹಾಕಿಸಿಟ್ಟಿದ್ದ ಎರಡು ಸಾವಿರ ಲೇಬಲ್‌ಗಳೂ ಹೋದವು. ಎಷ್ಟು ಹಳೆಯ ಗಿರಾಕಿಗಳು ಕರೆ ಮಾಡಿ ಉತ್ತರ ಸಿಗದೆ ಬೇರೆ ಕಡೆ ಹೋದರೋ ಲೆಕ್ಕ ಸಿಗುವಂತಿಲ್ಲ. ಹೊಸ ಸಂಪರ್ಕಕ್ಕೆ ಗುಂಪಿನ ಪ್ಯಾನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಬಾಡಿಗೆ ಕರಾರು ಪತ್ರ ಮತ್ತು ಸಭೆಯ ಠರಾವಿನ ಪ್ರತಿ ಕೊಟ್ಟೆವು. ಎರಡು ವಾರ ಓಡಾಡಿದೆವು, ಆದರೆ ಈಗ ಯಾರು ಊರು ಬಿಟ್ಟರೂ ಸಂಖ್ಯೆ ಗುಂಪಿನದೇ.

ಬೇಗ ದುರಸ್ತಿ ಮಾಡುತ್ತೇವೆ ಎಂಬ ಮಾತಿಗಾಗಿ ಮಾತ್ರ ಯಾರೂ ವ್ಯವಹಾರ ದರ ಕೊಡಬಾರದು. ಒಮ್ಮೆ ರಸ್ತೆ ಅಗೆದಾಗ ಕೇಬಲ್ ತುಂಡಾಗಿ, ನಾಗರ ಪಂಚಮಿಯ ಮುಂಚಿನ ನಾಲ್ಕು ದಿನ ಫೋನು ಸತ್ತಿತ್ತು. ನನ್ನ ಮನೆಯ ಫೋನೂ ಗುಂಪಿನದು ಕೆಟ್ಟ ದಿನವೇ ಕೆಟ್ಟು, ಅದು ಸರಿಯಾದ ದಿನವೇ ಸರಿಯಾಯಿತು.

ಹಳೆಯ ತಾಮ್ರದ ತಂತಿಯ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿದ್ದುದರಿಂದ ಕರೆಂಟ್ ಹೋದರೂ ಅದು ಮಾತಾಡುತ್ತಿತ್ತು. ಈಗಿನ ಫೈಬರ್ ಸಂಪರ್ಕದ ಪೆಟ್ಟಿಗೆಗೆ ನಮ್ಮ ಮನೆಯ ಕರೆಂಟೇ ಬೇಕು. ಇದಕ್ಕಾಗಿ ಸುಮಾರು ಎರಡು ಸಾವಿರ ರೂಪಾಯಿಯ ಸಣ್ಣ ಯುಪಿಎಸ್ ಕೊಂಡೆವು. ಯಾವ ದರದ್ದಾದರೂ ಈ ಖರ್ಚು ತಪ್ಪದು.

ಎರಡನೆಯ ಲೈನಿನ ವಿಷಯದಲ್ಲಿ ನಾವು ಬಹಳ ಚರ್ಚಿಸಿದೆವು. ಒಂದು ವ್ಯವಹಾರ ಲೈನಿನ ಹಣದಲ್ಲಿ ಸರಿಯಾಗಿ ಎರಡು ಮನೆ ಲೈನುಗಳು ಬರುತ್ತವೆ. ಆದರೆ ನಮ್ಮ ಕಂಪನಿಯಲ್ಲಿ, ಒಂದು ಸಂಖ್ಯೆ ಬಿಡುವಿಲ್ಲದಾಗ ಕರೆ ತಾನಾಗಿ ಇನ್ನೊಂದಕ್ಕೆ ಹೋಗುವ ಹಂಟಿಂಗ್ ಸೌಲಭ್ಯ ವ್ಯವಹಾರ ದರದಲ್ಲಿ ಮಾತ್ರ ಸಿಗುತ್ತದೆ. ಒಂದು ವರ್ಷ ಎರಡು ವ್ಯವಹಾರ ಲೈನು ಇಟ್ಟುಕೊಂಡು ತಿಂಗಳಿಗೆ 1,888 ಕೊಟ್ಟೆವು. ಪಂಚಮಿ, ಎಳ್ಳ ಅಮಾವಾಸ್ಯೆ, ಸಂಕ್ರಾಂತಿಯ ಹೊತ್ತಿಗೆ ಬಿಟ್ಟರೆ ಎರಡನೆಯದು ರಿಂಗಾದದ್ದೇ ಅಪರೂಪ. ಅದನ್ನು ಬಿಟ್ಟು, ಹೊರಗೆ ಮಾಡುವ ಕರೆಗಳನ್ನೆಲ್ಲ ಸದಸ್ಯೆಯರ ಮೊಬೈಲಿನಿಂದ ಮಾಡಿ, ಲೇಬಲ್ಲಿನ ಸಂಖ್ಯೆಯನ್ನು ಬರುವ ಕರೆಗಳಿಗಷ್ಟೇ ಖಾಲಿ ಇಡುತ್ತಿದ್ದೇವೆ. ಎಂಟು ಜನರ ಕೆಲಸಕ್ಕೆ ಒಂದೇ ವ್ಯವಹಾರ ಲೈನು ಸಾಕಾಗಿದೆ. ಸಂಖ್ಯೆಯನ್ನು ಎಲ್ಲಿಯೂ ಅಚ್ಚು ಹಾಕಿಸದೆ, ಪರಿಚಯದವರಿಗಷ್ಟೇ ಮಾಡಿಕೊಡುವ ಗುಂಪಾಗಿದ್ದರೆ ಆ 5,664 ರೂಪಾಯಿಯನ್ನು ಜೋಳಕ್ಕೆ ಹಾಕಿರೆಂದು ನಾನೇ ಹೇಳುತ್ತಿದ್ದೆ.