ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ: ಎರೆ ಹೊಲಕ್ಕೆ 125 ರೂಪಾಯಿಯ ಲೆಕ್ಕ

ಮುಂಗಾರು ಹತ್ತಿರ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಅರಣ್ಯ ಇಲಾಖೆ ನರ್ಸರಿಗಳಲ್ಲಿ ಸಸಿ ತುಂಬಿಸಲು ಟಂಟಂಗಳು ಬರತೊಡಗುತ್ತವೆ. ಸಸಿ ಅಗ್ಗ, ಮೇಲೆ ಸರ್ಕಾರವೇ ಹಣ ಕೊಡುತ್ತದೆ. 2011-12ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬದುಕಿರುವ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ಹೆಕ್ಟೇರಿಗೆ ಹೆಚ್ಚೆಂದರೆ 400 ಸಸಿಗೆ ಈ ಹಣ ಸಿಗುತ್ತದೆ.

ಎಲ್ಲ ಸಸಿ ಉಳಿದರೆ ಹೆಕ್ಟೇರಿಗೆ 50,000 ರೂಪಾಯಿ. ನೂರಕ್ಕೆ ಅರವತ್ತು ಉಳಿದರೆ 30,000. ಅದೂ ಮೂರು ವರ್ಷಕ್ಕೆ ಹಂಚಿ.

ಇದರ ಪಕ್ಕದಲ್ಲಿ ಐರ್ಲೆಂಡನ್ನು ಇಟ್ಟು ನೋಡಿ. 2023-27ರ ಅವಧಿಗೆ ಅಲ್ಲಿನ ಸರ್ಕಾರ ಅರಣ್ಯೀಕರಣಕ್ಕೆ ಎತ್ತಿಟ್ಟದ್ದು 130 ಕೋಟಿ ಯೂರೋ. ಐರೋಪ್ಯ ಒಕ್ಕೂಟದ ದುಡ್ಡಲ್ಲ, ಪೂರ್ತಿ ಸ್ವಂತ ಖಜಾನೆಯದು. ಹೊಲದಲ್ಲೇ ಮರ ಬೆಳೆಸುವವರಿಗೆ 2023ರ ದರದಂತೆ ಹೆಕ್ಟೇರಿಗೆ ನೆಡುವ ಖರ್ಚು 8,555 ಯೂರೋ, ಆಮೇಲೆ ವರ್ಷಕ್ಕೆ 975 ಯೂರೋದಂತೆ ಹತ್ತು ವರ್ಷ. ಯೂರೋಗೆ 90 ರೂಪಾಯಿ ಹಿಡಿದರೂ 16 ಲಕ್ಷ ದಾಟುತ್ತದೆ. ಅಲ್ಲಿಯ ಕೂಲಿ, ಬೇಲಿ, ಭೂಮಿ ದುಬಾರಿ, ಒಪ್ಪೋಣ. ಆದರೂ ಅಂತರ ಕಣ್ಣು ಕುಕ್ಕುವಂಥದ್ದೇ.

ಇಷ್ಟು ಕೊಟ್ಟರೂ ಅಲ್ಲಿಯ ರೈತರು ಮುಗಿಬೀಳಲಿಲ್ಲ. ವರ್ಷಕ್ಕೆ 8,000 ಹೆಕ್ಟೇರ್ ಗುರಿ. 2023, 2024ರ ಎರಡರಲ್ಲಿ ಯಾವ ವರ್ಷವೂ ಹೊಸದಾಗಿ ನೆಟ್ಟದ್ದು 2,000 ಹೆಕ್ಟೇರನ್ನೂ ಮುಟ್ಟಲಿಲ್ಲ. ಪರವಾನಗಿ ತಡ ಒಂದು ಕಾರಣವಾದರೆ, ಒಮ್ಮೆ ಮರ ಕಡಿದ ಮೇಲೆ ಅದೇ ಜಾಗದಲ್ಲಿ ಮತ್ತೆ ನೆಡಲೇಬೇಕೆಂಬ ಕಾನೂನು ಇನ್ನೊಂದು. ಹೊಲ ಕೊನೆಗೂ ಕಾಡಾಗಿಯೇ ಉಳಿಯುತ್ತದೆ. ನಮ್ಮ ಯೋಜನೆಯ ದೊಡ್ಡ ಬಲ ಇಲ್ಲೇ ಇದೆ: ಪಹಣಿಯಲ್ಲಿ ಹೊಲ ಹೊಲವಾಗಿಯೇ ಇರುತ್ತದೆ, ಮರದ ನಡುವೆ ತೊಗರಿ ಬಿತ್ತಬಹುದು. ಐರ್ಲೆಂಡ್ ಭೂಮಿಗೆ ಬಾಡಿಗೆ ಕೊಟ್ಟಂತೆ ಕೊಡುತ್ತದೆ, ಕರ್ನಾಟಕ ಉಳಿದ ಗಿಡ ಎಣಿಸಿ ಕೊಡುತ್ತದೆ. ಹಾಗಾಗಿ ಸತ್ತ ಗಿಡದ ನಷ್ಟ ಪೂರ್ತಿ ರೈತನ ತಲೆಗೆ. ದೌರ್ಬಲ್ಯವೂ ಅದೇ.

ಎರೆ ಭೂಮಿಯಲ್ಲಿ ಗಿಡ ಸಾಯುವುದು ಎರಡು ಸಲ. ಶ್ರಾವಣದ ಜಡಿಮಳೆಯಲ್ಲಿ ತಗ್ಗು ಮಡಕೆಯಂತೆ ನೀರು ಹಿಡಿದು ಬೇರು ಕೊಳೆಯುತ್ತದೆ. ಮಾರ್ಚ್ ನಂತರ ನೆಲ ಬಿರುಕು ಬಿಟ್ಟು ಎಳೆ ಬೇರುಗಳನ್ನು ಹರಿಯುತ್ತದೆ. ಅದಕ್ಕೇ ಏಪ್ರಿಲ್-ಮೇನಲ್ಲೇ ಎರಡಡಿ ಅಗಲ, ಎರಡಡಿ ಆಳದ ತಗ್ಗು ತೋಡಿ ಬಿಸಿಲಿಗೆ ಬಿಡಿ. ಗೋಡೆ ನುಣುಪಾಗಿದ್ದರೆ ಸಲಿಕೆಯಿಂದ ಕೆರೆದು ಒರಟು ಮಾಡಿ. ಬರೀ ಕೆಂಪು ಮಣ್ಣು ತುಂಬಬೇಡಿ, ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ತೋಡಿದ ಮಣ್ಣಿಗೇ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ, ನೆಲಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರಕ್ಕೆ ತುಂಬಿ ನೆಡಿ. ಬೇಸಿಗೆಗೆ ಮೊದಲು ಬುಡದ ಸುತ್ತ ಮಣ್ಣು ಕೆದಕಿ ಬಿರುಕು ಮುಚ್ಚಿ, ತೊಗರಿ ಹೊಟ್ಟು ಹಾಸಿ. ಹೊಟ್ಟು ಕಾಂಡಕ್ಕೆ ತಾಗಿದರೆ ಗೆದ್ದಲು ಖಚಿತ, ಒಂದು ಗೇಣು ಬಿಡಿ.

ನರ್ಸರಿಯಲ್ಲಿ ಎತ್ತರದ ಸಸಿ ಕಂಡು ಮರುಳಾಗಬೇಡಿ. ಚೀಲದ ತಳದಿಂದ ಬೇರು ನೆಲಕ್ಕಿಳಿದಿದ್ದರೆ ಕಿತ್ತಾಗ ತಾಯಿಬೇರು ತುಂಡಾಗುತ್ತದೆ, ವಾರದೊಳಗೆ ಎಲೆ ಬಾಡುತ್ತದೆ. ಬುಡ ಪೆನ್ಸಿಲಿನಷ್ಟು ದಪ್ಪ ಇರಲಿ. ಕುರಿ, ಆಡು ಓಡಾಡುವ ಒಡ್ಡಿಗೆ 8x12 ಇಂಚಿನ ಚೀಲದ ಸಸಿಯೇ ಬೇಕು. ಚೀಲ ಹರಿಯದೆ ನೆಡುವವರು ಇನ್ನೂ ಇದ್ದಾರೆ, ಏನು ಹೇಳುವುದು.

ಜಾತಿ ಆರಿಸುವಾಗ ಎಚ್ಚರ. ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಗಾಳಿ ಮರ, ತೆಂಗು, ಅಡಿಕೆ, ನಿಂಬೆ ಜಾತಿ, ಕಸಿ ಮಾವು ಇವಕ್ಕೆ ಪ್ರೋತ್ಸಾಹಧನ ಇಲ್ಲ. ಎರೆ ಒಡ್ಡಿಗೆ ಬೇವು, ಹೊಂಗೆ, ಹುಣಸೆ ಒಗ್ಗುತ್ತವೆ. ಶ್ರೀಗಂಧ ನೀರು ನಿಲ್ಲುವ ಎರೆಗೆ ಬೇಡ; ಬೀದರಿನ ಕೆಂಪು ಮಣ್ಣಿಗೆ ಸರಿ. ಅದು ಬೇರಿನಿಂದ ಬೇರೆ ಗಿಡದ ಸತ್ವ ಹೀರಿ ಬದುಕುವ ಮರ, ಜೊತೆಗೊಂದು ಆಸರೆ ಗಿಡ ಬೇಕೇ ಬೇಕು. ಶುರುವಿಗೆ ತೊಗರಿ ಸಾಕು, ಆಮೇಲೆ ಬಹುಕಾಲ ಬಾಳುವ ಆಸರೆ ಮರವೂ ಬೇಕು. 2001ರ ತಿದ್ದುಪಡಿಯಿಂದ ಗಂಧದ ಮರ ಹೊಲದ ಮಾಲೀಕನದೇ, ಆದರೆ ಕಡಿಯಲು ಅನುಮತಿ ಬೇಕು. ಕಳ್ಳರ ಕಾವಲಿನ ಖರ್ಚು 125 ರೂಪಾಯಿಯಲ್ಲಿ ಸೇರಿಲ್ಲ.

ಹೆಸರು ನೋಂದಾಯಿಸಲು ವಲಯ ಅರಣ್ಯ ಅಧಿಕಾರಿ ಕಚೇರಿಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಫೋಟೊ ಒಯ್ಯಿರಿ. ಪಹಣಿಯಲ್ಲೊಂದು, ಆಧಾರಿನಲ್ಲೊಂದು ಹೆಸರಿದ್ದರೆ ಹಣ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ; ಜಂಟಿ ಪಹಣಿಯಾದರೆ ಉಳಿದವರ ಒಪ್ಪಿಗೆ ಮೊದಲೇ ಬರೆಸಿಕೊಳ್ಳಿ. ಸಸಿ ಕೊಂಡ ರಸೀದಿ ಕಳೆಯಬೇಡಿ. ಎಣಿಕೆಗೆ ಸಿಬ್ಬಂದಿ ಬರುವ ಮುನ್ನ ಪ್ರತಿ ಗಿಡದ ಸುತ್ತ ಕಳೆ ತೆಗೆದಿರಿ, ಹುಲ್ಲಲ್ಲಿ ಮುಚ್ಚಿದ ಗಿಡ ಲೆಕ್ಕಕ್ಕೆ ಸಿಗದೆ ಹೋಗಬಹುದು.

ನೀರಿನ ಅನುಕೂಲ ಇಲ್ಲದವರು 400ರ ಆಸೆ ಬಿಡುವುದು ಒಳ್ಳೆಯದು. ಒಡ್ಡಿನ ಮೇಲೆ 60 ಸಸಿ, ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಗಿಡಕ್ಕೊಂದು ಕೊಡ: ಒಂದು ಸುತ್ತಿಗೆ 60 ಕೊಡ ನೀರು, ಎಲ್ಲ ಉಳಿದರೆ ಮೂರು ವರ್ಷಕ್ಕೆ 7,500 ರೂಪಾಯಿ.