ಬಳ್ಳಾರಿಯಲ್ಲಿ ಸೆಕೆಂಡ್ ಹ್ಯಾಂಡ್ ಎರ್ಟಿಗಾ: ನಾಲ್ಕು ವರ್ಷ ಓಡಿಸಿದ ಮೇಲೆ

2016ರ ಮಾರುತಿ ಎರ್ಟಿಗಾ, ಏಳು ಸೀಟಿನ ಗಾಡಿ, ವಿಎಕ್ಸ್‌ಐ ಮಾಡೆಲ್, ಪೆಟ್ರೋಲ್. 2021ರ ಕೊನೆಗೆ ಬಳ್ಳಾರಿಯಲ್ಲೇ ಕೊಂಡೆವು. ಕೆಎ 34 ನಂಬರ್, ಒಬ್ಬರೇ ಓನರ್, ಮೀಟರ್‌ನಲ್ಲಿ 54 ಸಾವಿರ ಕಿಲೋಮೀಟರ್. ಕೊಟ್ಟಿದ್ದು 5 ಲಕ್ಷ 60 ಸಾವಿರ. ಅವ್ವ, ಅಪ್ಪ, ನಾವಿಬ್ಬರು, ಮಕ್ಕಳು, ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕು ಅನ್ನೋದೇ ಆಸೆಯಾಗಿತ್ತು. ಆ ಆಸೆ ಪೂರ್ತಿ ತೀರಿದೆ. ಹುಲಿಗಿ, ಮಂತ್ರಾಲಯ, ಹಂಪಿ ಎಲ್ಲ ಕಡೆ ಓಡಾಡಿದ್ದೇವೆ, ಗಾಡಿ ಎಲ್ಲೂ ದಾರಿಯಲ್ಲಿ ಕೈಕೊಟ್ಟಿಲ್ಲ.

ಆದರೂ ಗಾಡಿಯ ಬಗ್ಗೆ ಹೇಳುವುದಕ್ಕಿಂತ ಕೊಳ್ಳುವ ಮುಂಚೆ ಏನು ನೋಡಬೇಕು ಅನ್ನೋದನ್ನು ಜಾಸ್ತಿ ಹೇಳಬೇಕಿದೆ. ಯಾಕಂದರೆ ನಮ್ಮ ಕಡೆ ಗಾಡಿ ಕಿಲೋಮೀಟರ್‌ಗಿಂತ ಧೂಳಿಗೆ, ಬಿಸಿಲಿಗೆ ಬೇಗ ಸವೆಯುತ್ತದೆ. ಬೆಂಗಳೂರಿನವರ ವಿಡಿಯೋ ನೋಡಿಕೊಂಡು ಇಲ್ಲಿ ಗಾಡಿ ಹುಡುಕಿದರೆ ಈ ವಿಷಯವೇ ಕೈತಪ್ಪುತ್ತದೆ.

ಗಾಡಿ ನೋಡಲು ನಮ್ಮ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅವರು ಬಾನೆಟ್ ಮುಟ್ಟಲೇ ಇಲ್ಲ. "ಅಣ್ಣಾ, ಇಂಜಿನ್ ಆಮ್ಯಾಲ ನೋಡೋಣ್ರಿ, ಮೊದ್ಲು ಸೀಟಿನ ಕೆಳಗ ಕೈ ಹಾಕ್ರಿ" ಅಂದರು. ಸೀಟು ಹಿಂದೆ ಮುಂದೆ ಜರುಗುವ ಕಂಬಿಯಲ್ಲಿ ಬೆರಳಾಡಿಸಿದರೆ ಗಾಡಿ ಎಲ್ಲಿ ಓಡಿದೆ ಅಂತ ತಿಳಿಯುತ್ತದೆ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ದಿನಾ ಓಡಿದ ಗಾಡಿಯಲ್ಲಿ ಕೆಂಪು ಪುಡಿ ಜಿಡ್ಡಿನ ಜೊತೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ವಾಟರ್ ವಾಶ್ ಮಾಡಿಸಿದರೂ ಅದು ಹೋಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ಮೇಲಿನ ಭಾಗ ಸ್ವಚ್ಛ, ಒಳಗಿನ ಭಾಗ ಕೆಂಪು ಅಂದರೆ ಮಾರುವ ಮುಂಚೆ ಹೊರಗಿನದಷ್ಟೇ ತೊಳೆದಿದ್ದಾರೆ ಅಂತ ಅರ್ಥ. ನೀರಿನಲ್ಲಿ ಮುಳುಗಿದ ಗಾಡಿಯನ್ನೂ ಇದೇ ಪರೀಕ್ಷೆ ಹಿಡಿದುಕೊಡುತ್ತದೆ, ಕೆಸರಿನ ಗೆರೆ ಬೆಲ್ಟಿನ ಬುಡದಲ್ಲಿ ಉಳಿದಿರುತ್ತದೆ. ರಾಯಚೂರಿನವರು ಶಕ್ತಿನಗರದ ಕಡೆಯ ಹಾರುಬೂದಿಗೆ, ಕೊಪ್ಪಳದವರು ಗಿಣಿಗೇರಿ ಕಡೆಯ ಕಪ್ಪು ಧೂಳಿಗೆ ಇದೇ ಜಾಗಗಳನ್ನು ನೋಡಬಹುದು.

ಧೂಳು ಬರೀ ಕೊಳೆಯಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಅದು ಎಸಿಯ ಕೂಲಿಂಗ್ ಕಾಯಿಲ್ ಮೇಲೆ ಕೂತು ಗಾಳಿ ತಡೆಯುತ್ತದೆ. ಏರ್ ಫಿಲ್ಟರ್ ಕಟ್ಟಿದರೆ ಪಿಕಪ್ ಕಡಿಮೆಯಾಗುತ್ತದೆ. ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ತಿನ್ನುತ್ತದೆ. ಹಾಗಾಗಿ ಟೆಸ್ಟ್ ಡ್ರೈವನ್ನು ಎರಡು ಸಲ ಮಾಡಿ. ಒಂದು ಬೆಳಿಗ್ಗೆ ಬೇಗ, ಇಂಜಿನ್ ತಣ್ಣಗಿರುವಾಗ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಇನ್ನೊಂದು ಮಧ್ಯಾಹ್ನ ಎರಡು ಗಂಟೆಗೆ. ಬಿಸಿಲಲ್ಲಿ ನಿಂತ ಗಾಡಿಗೆ ಎಸಿ ಹಾಕಿ, ಊರೊಳಗೆ ಟ್ರಾಫಿಕ್ ಇರುವ ಕಡೆ ಸ್ವಲ್ಪ ಹೊತ್ತು ನಿಲ್ಲಿಸಿ. ಟೆಂಪರೇಚರ್ ಮುಳ್ಳು ನಡುವೆಯೇ ಇರಬೇಕು, ಎಸಿ ತಣ್ಣಗೆ ಬರುತ್ತಲೇ ಇರಬೇಕು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಈ ಪರೀಕ್ಷೆ ಬಿಡಲೇಬಾರದು.

ಕೂಲಂಟ್ (ಇಂಜಿನ್ ತಣಿಸುವ ದ್ರವ) ಡಬ್ಬಿಯ ಮುಚ್ಚಳ ತೆಗೆದು ನೋಡಿ, ಆದರೆ ಇಂಜಿನ್ ತಣ್ಣಗಿರುವಾಗ ಮಾತ್ರ. ಬಣ್ಣದ ಕೂಲಂಟ್ ಇದ್ದರೆ ಸರಿ. ತುಕ್ಕಿನ ನೀರು ಇದ್ದರೆ ಯಾರೋ ಬೋರ್‌ವೆಲ್ ನೀರು ಸುರಿದಿದ್ದಾರೆ. ನಮ್ಮ ಗಡಸು ನೀರು ರೇಡಿಯೇಟರ್ ಒಳಗೆ ಉಪ್ಪು ಕಟ್ಟಿಸುತ್ತದೆ, ಬೇಸಿಗೆಯಲ್ಲಿ ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಈ ಕಾರಣಕ್ಕೇ ಒಂದು ಒಳ್ಳೆ ಬಣ್ಣದ, ಹೊಳೆಯುವ ಗಾಡಿಯನ್ನು ನಾವು ಬಿಟ್ಟು ಬಂದೆವು. ಇಂಜಿನ್ ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ಕೆನೆ ಕಂಡರೆ ಕೂಲಂಟ್ ಆಯಿಲ್‌ಗೆ ಸೇರುತ್ತಿರಬಹುದು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಇವೆರಡರಲ್ಲಿ ಒಂದು ಕಂಡರೂ ಬೆಲೆ ಇಳಿಸುವ ಮಾತು ಬೇಡ, ವಾಪಸ್ ಬನ್ನಿ.

ಕ್ಲಚ್ ನೋಡಲು ಸುಲಭದ ದಾರಿ ಇದೆ. ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನಕ್ಕೆ ಬಿಡಿ. ಇಂಜಿನ್ ಆಫ್ ಆದರೆ ಕ್ಲಚ್ ಪ್ಲೇಟ್‌ನಲ್ಲಿ ಜೀವ ಇದೆ. ಆಫ್ ಆಗದೆ ತಿರುಗುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 3218 ಅಂದರೆ 2018ರ 32ನೇ ವಾರ ತಯಾರಾಗಿದ್ದು. ನಮ್ಮ ಗಾಡಿಯ ನಾಲ್ಕೂ ಟೈರ್ 2016ರವೇ ಆಗಿದ್ದವು. ಬದಲಿಸುವ ಖರ್ಚು ಬಂತು ನಿಜ, ಆದರೆ ಗಾಡಿ ಜೊತೆ ಬಂದ ಟೈರೇ ಇನ್ನೂ ಇದ್ದದ್ದರಿಂದ 54 ಸಾವಿರ ಅನ್ನೋ ಮಾತಿಗೆ ಅವೇ ಸಾಕ್ಷಿಯೂ ಆದವು. ಇನ್ನೊಂದು ಸಾಕ್ಷಿ ಸರ್ವಿಸ್ ದಾಖಲೆ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಪ್ರತಿ ಸರ್ವಿಸ್‌ನ ಕಿಲೋಮೀಟರ್ ಸಿಗುತ್ತದೆ. ಓನರ್ ಜೊತೆಗಿದ್ದರೆ ಕೇಳುವುದು ಸುಲಭ. ಒಂದು ವರ್ಷ 70 ಸಾವಿರ, ಮುಂದಿನ ವರ್ಷ 48 ಸಾವಿರ ಅಂತ ಬಂದರೆ ಮೀಟರ್ ತಿರುಗಿಸಿದ್ದಾರೆ, ಅಷ್ಟೇ.

ಏಳು ಸೀಟಿನ ಗಾಡಿ ಹುಡುಕುವವರು ಇನ್ನೊಂದು ವಿಷಯದಲ್ಲಿ ಹುಷಾರಾಗಿರಬೇಕು. ಇಂಥ ಗಾಡಿಗಳು ಬಾಡಿಗೆಗೆ ಜಾಸ್ತಿ ಓಡುತ್ತವೆ. ಗಣಿ, ಕಾರ್ಖಾನೆಗಳ ಕೆಲಸಗಾರರನ್ನು ಹೊತ್ತು ಹಗಲು ರಾತ್ರಿ ಓಡಿದ ಹಳದಿ ಬೋರ್ಡ್ ಗಾಡಿ ಆಮೇಲೆ ಬಿಳಿ ಬೋರ್ಡ್ ಆಗಿ ಮಾರಾಟಕ್ಕೆ ಬರುತ್ತದೆ. ಆರ್‌ಸಿಯಲ್ಲಿ ಗಾಡಿಯ ವರ್ಗ ಏನಿದೆ, ಮೊದಲು ಕ್ಯಾಬ್ ಆಗಿತ್ತಾ ಅಂತ ಆರ್‌ಟಿಒ ದಾಖಲೆಯಲ್ಲಿ ನೋಡಿಸಿ. ಕೊನೆಯ ಸಾಲಿನ ಸೀಟು ಹರಿದಿದ್ದರೆ, ಪೆಡಲ್‌ಗಳ ರಬ್ಬರ್ ನುಣ್ಣಗಾಗಿದ್ದರೆ, ಅದು ಮನೆ ಗಾಡಿ ಅನ್ನೋ ಮಾತನ್ನು ನಾನಂತೂ ನಂಬುವುದಿಲ್ಲ.

ಕಾಗದದ ವಿಷಯ. ಸರ್ಕಾರದ ಪರಿವಾಹನ್ ತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ, ಎಷ್ಟನೇ ಓನರ್, ಇನ್ಶೂರೆನ್ಸ್ ಎಲ್ಲಿಯ ತನಕ, ಸಾಲ ಇದೆಯಾ ಎಲ್ಲ ನೋಡಿ. ಬಾಕಿ ಚಲನ್‌ಗಳನ್ನೂ ನೋಡಿ, ದಂಡ ಕಟ್ಟಿಸಿಯೇ ದುಡ್ಡು ಕೊಡಿ. ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಮತ್ತು ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸುವ ಫಾರ್ಮ್ 35 ಬೇಕೇ ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29, 30. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅನ್ನೋದು ಕಾನೂನು. ಬಾಕಿ ದುಡ್ಡಿನಲ್ಲಿ ಸ್ವಲ್ಪ ಉಳಿಸಿಕೊಂಡು, ಆರ್‌ಸಿ ನಿಮ್ಮ ಹೆಸರಿಗೆ ಬಂದ ಮೇಲೆ ಕೊಡುವುದು ಒಳ್ಳೆಯದು. ನಾವು 20 ಸಾವಿರ ಹಿಡಿದಿಟ್ಟೆವು, ಮಾರಿದವರು ಬೇಜಾರಿಲ್ಲದೆ ಒಪ್ಪಿದರು.

ಗಡಿ ಹತ್ತಿರ ಇರುವ ನಮಗೆ ಆಂಧ್ರದ ಗಾಡಿಗಳ ಆಸೆ ಜಾಸ್ತಿ. ಗುಂತಕಲ್, ಅನಂತಪುರದಲ್ಲಿ ಅದೇ ಮಾಡೆಲ್ ಕಡಿಮೆಗೆ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ರಾಯಚೂರಿನವರಿಗೆ ತೆಲಂಗಾಣದ ಗಾಡಿ ಹಾಗೆ. ಆದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ತರಬೇಕು, ಇಲ್ಲಿ ಹೊಸ ನಂಬರ್ ಮಾಡಿಸಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಬೇರೆ ರಾಜ್ಯದ ನಂಬರ್ ಇಟ್ಟುಕೊಂಡು 12 ತಿಂಗಳ ಮೇಲೆ ಇಲ್ಲಿ ಓಡಿಸುವಂತಿಲ್ಲ. ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿ, ಅದನ್ನು ಬೆಲೆಗೆ ಸೇರಿಸಿ, ಆಮೇಲೆ ಕಡಿಮೆಯೋ ಜಾಸ್ತಿಯೋ ನೋಡಿ. ಲೆಕ್ಕ ಹಾಕಿದಾಗ ನಮಗೆ ಏನೂ ಉಳಿಯುತ್ತಿರಲಿಲ್ಲ, ಕೆಎ ನಂಬರೇ ಸಾಕು ಅಂದುಕೊಂಡೆವು.

ಈಗ ದುಡ್ಡು. ನಮ್ಮ ಗಾಡಿ ಮಾರಿದವರು ಮೊದಲು ಕೇಳಿದ್ದು 6 ಲಕ್ಷ 20 ಸಾವಿರ. ಚೌಕಾಸಿಗೆ ಸುಮ್ನೆ "ಸ್ವಲ್ಪ ಕಡಿಮೆ ಮಾಡಿ" ಅನ್ನಲಿಲ್ಲ. ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟೆ: ನಾಲ್ಕು ಟೈರ್ 20 ಸಾವಿರ, ಬ್ಯಾಟರಿ 4,500, ಹೊಸ ಇನ್ಶೂರೆನ್ಸ್ 16 ಸಾವಿರ, ಮುಂದಿನ ಬುಷ್ ಮತ್ತು ಲಿಂಕ್ ರಾಡ್ 6 ಸಾವಿರ, ಎಸಿ ಬಿಚ್ಚಿ ತೊಳೆಯಲು 3 ಸಾವಿರ. ಹೀಗೆ ಬರೆದು ತೋರಿಸಿದರೆ ಮಾತು ಬೇಗ ಮುಗಿಯುತ್ತದೆ, ಇಬ್ಬರಿಗೂ ಮುಜುಗರ ಇಲ್ಲ. ಇನ್ಶೂರೆನ್ಸ್ ಬಗ್ಗೆ ಇದೊಂದು ಗೊತ್ತಿರಲಿ: ಹಳೆಯ ಓನರ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಡ್ಯಾಮೇಜ್‌ಗೆ ಕ್ಲೇಮ್ ಸಿಗುವುದು ಕಷ್ಟ.

ನಾಲ್ಕು ವರ್ಷದಲ್ಲಿ ಗಾಡಿ ಹೇಗಿದೆ? ಇಂಜಿನ್ ಇನ್ನೂ ಮೆತ್ತಗೆ ಓಡುತ್ತದೆ. ಇಂಜಿನ್ ಒಳಗೆ ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ಖರ್ಚಿಲ್ಲ. ಎಸಿ ಹಾಕಿಕೊಂಡು ಹೈವೇನಲ್ಲಿ ಲೀಟರ್‌ಗೆ 15, ಊರೊಳಗೆ 11 ಕೊಡುತ್ತದೆ. ಕ್ಲಚ್ ಸೆಟ್ ಒಂದು ಸಲ ಹಾಕಿಸಿದೆವು, 9 ಸಾವಿರ. ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಿಸುತ್ತೇನೆ, ನಮ್ಮ ಧೂಳಿಗೆ ಅದು ಬೇಕು. ಹಿಂದಿನ ಸಾಲು ಮಕ್ಕಳಿಗೆ ಸರಿ, ದೊಡ್ಡವರಿಗೆ ಹುಬ್ಬಳ್ಳಿಯ ತನಕ ಕಷ್ಟ. ಮೂರೂ ಸಾಲು ತುಂಬಿದರೆ ಲಗೇಜ್‌ಗೆ ಜಾಗ ಕಡಿಮೆ, ಕ್ಯಾರಿಯರ್ ಹಾಕಿಸಿದ್ದೇವೆ. ಅಪ್ಪನಿಗೆ ಮೊಣಕಾಲು ನೋವು. ಹತ್ತಲು ಬಗ್ಗಬೇಕಿಲ್ಲ, ಇಳಿಯಲು ಏಳಬೇಕಿಲ್ಲ, ಕಾಲು ಪಕ್ಕಕ್ಕೆ ಹಾಕಿದರೆ ಆಯ್ತು. ನನ್ನ ಮಟ್ಟಿಗೆ ಈ ಗಾಡಿಯ ದೊಡ್ಡ ಗುಣ ಇದೇ.

ಈಗ ಹುಡುಕುತ್ತಿರುವವರು ನಾವು ಕೊಟ್ಟ ಬೆಲೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರುಗಳ ಒಟ್ಟು ತೆರಿಗೆ (ಜಿಎಸ್‌ಟಿ, ಸೆಸ್ ಸೇರಿ) ಇಳಿದಿದೆ. ಚಿಕ್ಕ ಪೆಟ್ರೋಲ್ ಕಾರುಗಳಿಗೆ 18%, ಎರ್ಟಿಗಾ ಥರದವಕ್ಕೆ 40%. ಹೊಸದರ ಬೆಲೆ ಇಳಿದ ಮೇಲೆ ಹಳೆಯದಕ್ಕೆ ಮೊದಲಿನ ಬೆಲೆ ಹೇಳಿದರೆ ಒಪ್ಪಬಾರದು. ಮೊದಲು ಶೋರೂಮ್‌ಗೆ ಹೋಗಿ ಹೊಸ ಗಾಡಿಯ ಆನ್ ರೋಡ್ ಬೆಲೆ ಬರೆಸಿಕೊಳ್ಳಿ, ಆ ಹಾಳೆ ಜೇಬಿನಲ್ಲಿರಲಿ. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ ಅನ್ನೋದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮದು 2031ರ ತನಕ ಇದೆ. ಇದೇ 2016ರ ಗಾಡಿಯನ್ನು ಇವತ್ತು ಯಾರಾದರೂ ತೋರಿಸಿದರೆ, ಎಷ್ಟೇ ಚೆನ್ನಾಗಿ ಇಟ್ಟುಕೊಂಡಿದ್ದರೂ, 4 ಲಕ್ಷದ ಮೇಲೆ ನಾನು ಮಾತಾಡುವುದಿಲ್ಲ.