ಪ್ಲಾಸ್ಟಿಕ್ ಸುತ್ತಿದ ಸೌದೆ ಕಂತೆಗೆ 9 ಡಾಲರ್ ಕೊಡಬಹುದಾ?

ಮಿಷಿಗನ್ನಿನ ಲಡಿಂಗ್ಟನ್ ಸ್ಟೇಟ್ ಪಾರ್ಕಿಗೆ ಕ್ಯಾಂಪಿಂಗ್ ಹೋಗುವಾಗ ದಾರಿಯ ಅಂಗಡಿಯಲ್ಲಿ ಈ ಕಂತೆ ತಗೊಂಡೆವು. ಏಳೆಂಟು ಸೀಳು ಅಷ್ಟೇ. ತೀರ್ಥಹಳ್ಳಿ ಕಡೆಯವಳು ನಾನು, ಸೌದೆಗೆ ಇಷ್ಟು ದುಡ್ಡು ಕೊಡುವಾಗ ಹೊಟ್ಟೆ ಉರಿಯಿತು. ಡೆಟ್ರಾಯಿಟ್ ಹತ್ತಿರದ ನಮ್ಮ ಮನೆಯ ಹಿಂದೆಯೇ ಸತ್ತ ಆಶ್ ಮರ ಕಡಿದು ಹಾಕಿದ ರಾಶಿ ಇದೆ. ಅದನ್ನೇ ಡಿಕ್ಕಿಗೆ ತುಂಬೋಣ ಅಂದರು ಯಜಮಾನರು. ನಾನೇ ಬೇಡ ಅಂದೆ.

ಆ ಮರ ಸತ್ತದ್ದೇ ಹುಳುವಿನಿಂದ. ಎಮರಾಲ್ಡ್ ಆಶ್ ಬೋರರ್ ಅಂತ, ಪೂರ್ವ ಏಷ್ಯಾದಿಂದ ಬಂದ ಹಸಿರು ದುಂಬಿ. 2002ರಲ್ಲಿ ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಡೆಟ್ರಾಯಿಟ್ ಸುತ್ತಮುತ್ತಲೇ. ಆಮೇಲೆ ಕೋಟಿಗಟ್ಟಲೆ ಆಶ್ ಮರಗಳು ಹೋದವು. ದುಂಬಿ ತಾನಾಗಿ ಹಾರಿದರೆ ಕೆಲವೇ ಮೈಲಿ. ಡಿಕ್ಕಿಯಲ್ಲಿ ಕೂತರೆ ಒಂದೇ ಮಧ್ಯಾಹ್ನಕ್ಕೆ ಇನ್ನೂರು ಮೈಲಿ ದಾಟುತ್ತದೆ. ನಮ್ಮ ರಾಶಿಯ ಯಾವುದಾದರೂ ತುಂಡಿನ ತೊಗಟೆ ಎಬ್ಬಿಸಿದರೆ ಒಳಗೆ ಹಾವು ಹರಿದಂಥ ಗೀರು, ಅದರ ತುಂಬ ಹುಡಿ. ಮರಿಹುಳು ತಿಂದ ಜಾಗ ಅದು. ಮರಕ್ಕೆ ನೀರು, ಆಹಾರ ಸಾಗುವ ದಾರಿಯೇ ಅಲ್ಲಿ ಕಡಿದುಹೋಗಿರುತ್ತದೆ. ತೊಗಟೆಯ ಮೇಲೆ ಇಂಗ್ಲಿಷಿನ ಡಿ ಅಕ್ಷರದ ಆಕಾರದ ತೂತು, ಸುಮಾರು 3 ಮಿಲಿಮೀಟರ್. ದುಂಬಿ ಹೊರಬೀಳುವುದು ಅಲ್ಲಿಂದ.

ಇನ್ನು ಕಂತೆಯ ವಿಷಯ. ತಿರುಳಿನವರೆಗೂ 140 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 60 ಸೆಲ್ಸಿಯಸ್ ಶಾಖದಲ್ಲಿ 60 ನಿಮಿಷ ಕಾಯಿಸಿದ್ದು ಅಂತ ಲೇಬಲ್ ಹೇಳುತ್ತದೆ. ಇದನ್ನು ಓದಿಯೇ ಕೊಳ್ಳಿ. ಬರೀ ‘ಒಣಗಿಸಿದ್ದು’ ಅಂತ ಇದ್ದರೆ ಸಾಲದು, ಒಣ ಸೌದೆಯೊಳಗೂ ಹುಳು ಬದುಕಿರಬಹುದು.

ಉರಿ ಚೆನ್ನಾಗಿದೆ. ಒಂದೇ ಕಡ್ಡಿಗೆ ಹೊತ್ತಿಕೊಂಡಿತು, ಕಣ್ಣು ಉರಿಸುವ ಹೊಗೆ ಇಲ್ಲ. ಆದರೆ ಬೇಗ ಮುಗಿಯುತ್ತದೆ. ಎಣ್ಣೆಗೊಜ್ಜಿಗೆ ಬದನೆಕಾಯಿ ಸುಟ್ಟು ಜೋಳದ ತೆನೆ ಇಡುವಷ್ಟರಲ್ಲಿ ಕೆಂಡ ಮಂಕು. ನಾಲ್ಕು ಜನರ ಅಡುಗೆಗೆ ಎರಡು ಕಂತೆ ಬೇಕೇ ಬೇಕು.

ಪಾರ್ಕಿನ ಹತ್ತಿರ ರಸ್ತೆ ಬದಿಯಲ್ಲಿ ಡಬ್ಬಿಗೆ ದುಡ್ಡು ಹಾಕಿ ತಗೊಳ್ಳುವ ಸೌದೆಯೂ ಇತ್ತು. ಅರ್ಧ ಬೆಲೆ. ಅಲ್ಲೇ ಬೆಳೆದ ಮರವಾದರೆ, ಅಲ್ಲೇ ಸುಡುವುದಾದರೆ ಅದೇ ವಾಸಿ. ಉಳಿದದ್ದನ್ನು ಮನೆಗೆ ಮಾತ್ರ ಹೊತ್ತು ತರಬೇಡಿ, ಪೂರ್ತಿ ಸುಟ್ಟುಬಿಡಿ. ದೂರದಿಂದ ಒಯ್ಯಲೇಬೇಕು ಅನ್ನುವವರಿಗೆ ಈ ಕಂತೆ. ಈ ಹುಳು ಹರಡದಿರಲಿ ಅಂತ ಸೌದೆ ಸಾಗಿಸುವುದಕ್ಕಿದ್ದ ಫೆಡರಲ್ (ಕೇಂದ್ರ ಸರ್ಕಾರದ) ನಿರ್ಬಂಧ 2021ರ ಜನವರಿಯಲ್ಲೇ ಹೋಯಿತು ನಿಜ, ಆದರೆ ಸೌದೆಯ ನಿಯಮ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಗಡಿ ದಾಟುವವರು ಮೊದಲೇ ನೋಡಿಕೊಳ್ಳಿ.

ಐದಕ್ಕೆ ಮೂರೂವರೆ. ಒಂದು ಕಳೆದದ್ದು ಬೆಲೆಗೆ, ಅರ್ಧ ಆ ಪ್ಲಾಸ್ಟಿಕ್ಕಿಗೆ. ಕೈಯಲ್ಲಿ ಹರಿಯುವುದೇ ಇಲ್ಲ, ಚಾಕು ಇಟ್ಟುಕೊಳ್ಳಿ.